ಗೊತ್ತಿರುವ ಕಥೆಯ ಕುತೂಹಲ: ಅಜಾಕ್ಸ್, ಅಶ್ವತ್ಥಾಮ, ಹರಿಶ್ಚಂದ್ರ

ಕಥೆಯ ಕೊನೆಯನ್ನು ಮೊದಲೇ ಅರಿತ ಪ್ರೇಕ್ಷಕನಲ್ಲಿ ಕುತೂಹಲವನ್ನು ಹುಟ್ಟಿಸುವುದು ಹೇಗೆ? ಗ್ರೀಕ್ ನಾಟಕಕಾರರಿಗೂ ನಮ್ಮ ಪುರಾಣಕವಿಗಳಿಗೂ ಸಮಾನವಾಗಿದ್ದ ಪ್ರಶ್ನೆಯಿದು. ಇದಕ್ಕೆ ಉತ್ತರವನ್ನು ಅರಸುವವರಿಗೆ ಸೊಫೊಕ್ಲೀಸನ ‘ಅಜಾಕ್ಸ್’ ನಾಟಕವೂ ಅದನ್ನು ಮಾದರಿಯಾಗಿಟ್ಟುಕೊಂಡು ಬಿ.ಎಂ. ಶ್ರೀಕಂಠಯ್ಯನವರು ರಚಿಸಿದ ‘ಅಶ್ವತ್ಥಾಮನ್’ (1929) ನಾಟಕವೂ ವಿಚಾರಾರ್ಹವಾಗಿವೆ.

ಟ್ರಾಯ್ ಯುದ್ಧದಲ್ಲಿ ಅಕಿಲೀಸನು ಮಡಿದ ಮೇಲೆ ಅವನ ಆಯುಧಗಳು ಒಡಿಸ್ಸ್ಯೂಸನ ಪಾಲಾದವು. ಅವಮಾನದಿಂದ ಕೆರಳಿದ ಅಜಾಕ್ಸನು ಸ್ವಪಕ್ಷದ ನಾಯಕರನ್ನೇ ಇರುಳಿನಲ್ಲಿ ಕೊಲ್ಲಹೊರಟನು. ಅಥೀನಾದೇವಿ ಅವನ ಬುದ್ಧಿಗೆ ಮಂಕು ಕವಿಸಿದಳು. ನಾಯಕರೆಂದು ಭ್ರಮಿಸಿ ಅವನು ಕಡಿದದ್ದು ದನಕುರಿಗಳನ್ನು. ಭ್ರಮೆ ಹರಿದಾಗ ಉಳಿದದ್ದು ನಾಚಿಕೆಯೊಂದೇ. ಅವನು ಸಾಯುವನೆಂದು ಪ್ರೇಕ್ಷಕನಿಗೆ ಗೊತ್ತು. ಆದರೂ ನಾಯಕನು ಮನಸ್ಸು ತಿರುಗಿದವನಂತೆ ಮಾತನಾಡಿ, ಕಡಲತಡಿಯಲ್ಲಿ ಮಿಂದು ಶುದ್ಧನಾಗಿ ಕತ್ತಿಯನ್ನು ಹೂಳಿಬರುವೆನೆಂದು ಹೊರಡುತ್ತಾನೆ. ಮೇಳದವರು ಹರ್ಷದಿಂದ ಹಾಡುತ್ತಾರೆ. ಒಡನೆಯೇ ದೂತನು ಬಂದು, ಆ ಒಂದು ದಿನ ಅವನನ್ನು ಬಿಡಾರದಿಂದ ಹೊರಗೆ ಬಿಡಬಾರದೆಂಬ ಕಣಿಯನ್ನು ತಿಳಿಸುತ್ತಾನೆ. ಕೊನೆ ಗೊತ್ತಿದ್ದರೂ, ಅರಸಿಹೋದವರು ಅವನನ್ನು ಸಕಾಲದಲ್ಲಿ ಮುಟ್ಟುವರೇ ಎಂಬ ತಳಮಳ ತಪ್ಪದು.

ಈ ಅಚ್ಚಿನಲ್ಲಿ ಮಹಾಭಾರತದ ವೀರನನ್ನು ಎರಕಹೊಯ್ದಾಗ ಒಂದು ವಿಲಕ್ಷಣ ವ್ಯತ್ಯಾಸವುಂಟಾಯಿತು. ಅಶ್ವತ್ಥಾಮನು ಚಿರಂಜೀವಿ. ಗ್ರೀಕ್ ಪ್ರೇಕ್ಷಕನಿಗೆ ಪೂರ್ವಜ್ಞಾನವು ಭಯವನ್ನಿತ್ತರೆ ಕನ್ನಡ ಪ್ರೇಕ್ಷಕನಿಗೆ ಅದು ಭರವಸೆಯನ್ನಿತ್ತಿತು. ಆ ಭರವಸೆಯನ್ನೇ ಮುರಿದು ಶ್ರೀಯವರು ನಾಯಕನಿಗೆ ಮರಣವನ್ನು ತಂದರು. ಇದು ಪುರಾಣಕ್ಕೆ ಅಪಚಾರವೆಂಬ ಆಕ್ಷೇಪ ಹುಟ್ಟಿದ್ದು ಸಹಜವೇ. ಆದರೆ ನಿಜವಾದ ತೊಡಕು ಬೇರೆಡೆಯಿದೆ. ವ್ಯಾಸಭಾರತದಲ್ಲಿ ಅವನ ದೀರ್ಘಾಯುಸ್ಸು ವರವಲ್ಲ; ನೆತ್ತಿಯ ಮಣಿಯನ್ನು ಕಳೆದುಕೊಂಡು 3000 ವರ್ಷ ಒಂಟಿಯಾಗಿ ಅಲೆಯಬೇಕೆಂಬ ಶಾಪ. ಸಾವಿಲ್ಲದಿರುವುದೇ ಅಲ್ಲಿನ ದಂಡನೆ. ಅವನನ್ನು ಸಾಯಿಸಿದ ನಾಟಕವು ಆ ದಂಡನೆಯಿಂದ ಅವನನ್ನು ಬಿಡಿಸಿಬಿಟ್ಟಿತು. ರಂಗಕ್ಕೆ ಬೆರಗು ದಕ್ಕಿತು, ಮೂಲದ ಘೋರತೆ ಕುಂದಿತು.

ನಾಯಕನು ಮುಗಿತಾಯಕ್ಕೆ ಬಹಳ ಮುಂಚೆಯೇ ಸತ್ತು, ಉಳಿದದ್ದು ಬರಿಯ ವಾಗ್ವಾದವಾಯಿತೆಂದು ‘ಅಜಾಕ್ಸ್’ ನಾಟಕಕ್ಕೆ ದೋಷ ಹೊರಿಸುವುದುಂಟು. ಇದು ಸಲ್ಲದು. ಹೆಣಕ್ಕೆ ಸಂಸ್ಕಾರ ಕೂಡದೆಂದು ಮೆನೆಲಾಸ್, ಅಗಮೆಮ್ನಾನರು ತಡೆದಾಗ ಕುತೂಹಲವು ಸತ್ತಿಲ್ಲ, ಸ್ಥಾನ ಬದಲಿಸಿದೆ. ಬದುಕುವನೇ ಎಂಬ ಪ್ರಶ್ನೆ ಹೋಗಿ, ಸತ್ತವನಿಗೆ ಸಲ್ಲಬೇಕಾದುದು ಸಲ್ಲುವುದೇ ಎಂಬ ಪ್ರಶ್ನೆ ಎದ್ದಿದೆ.

ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ರಾಘವಾಂಕನು ‘ಹರಿಶ್ಚಂದ್ರಕಾವ್ಯ’ದಲ್ಲಿ ವಸಿಷ್ಠ-ವಿಶ್ವಾಮಿತ್ರರ ಪಂತವನ್ನು ಆರಂಭದಲ್ಲಿಯೇ ಇಂದ್ರಸಭೆಯಲ್ಲಿ ಬಿಚ್ಚಿಡುತ್ತಾನೆ. ಅರಸನು ಸತ್ಯವನ್ನು ಬಿಡನೆಂದು ಯಾವ ಓದುಗನಿಗೆ ತಿಳಿಯದು? ಆದರೂ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಚಂದ್ರಮತಿ ಸುಡುಗಾಡಿಗೆ ತಂದಾಗ, ಕಾವಲುಗಾರನಾದ ತಂದೆಯೇ ಸುಂಕವಿಲ್ಲದೆ ಸುಡಗೊಡದಿರುವಾಗ ಉಸಿರು ಬಿಗಿಯುತ್ತದೆ. ಇಲ್ಲಿಯೂ ಪ್ರಶ್ನೆ ಹೆಣದ ಸಂಸ್ಕಾರದ್ದೇ. ತಡೆಯುವವನು ಹಗೆಯಲ್ಲ, ಸತ್ಯಕ್ಕೆ ಕಟ್ಟುಬಿದ್ದ ತಂದೆ ಎಂಬುದರಿಂದ ರಾಘವಾಂಕನ ಸನ್ನಿವೇಶವು ಹೆಚ್ಚು ದಾರುಣವಾಗಿದೆ.

ಬಿಡುಗಡೆಯ ರೀತಿಯಲ್ಲಿಯೂ ಭೇದವಿದೆ. ಹರಿಶ್ಚಂದ್ರನು ಮಡದಿಯ ಕೊರಳಿಗೆ ಕತ್ತಿಯೆತ್ತಿದಾಗ ವಿಶ್ವನಾಥನೇ ಮೈದೋರುತ್ತಾನೆ. ಅಜಾಕ್ಸನ ಹೆಣದ ಪರವಾಗಿ ನಿಲ್ಲುವವನು ಅವನು ದ್ವೇಷಿಸಿದ ಒಡಿಸ್ಸ್ಯೂಸ್. ತನಗೂ ಒಂದು ದಿನ ಆ ಸಂಸ್ಕಾರವು ಬೇಕಾಗುವುದೆಂದು ಅವನು ಬಲ್ಲನು. ಒಂದೆಡೆ ದೇವರ ಕರುಣೆ, ಇನ್ನೊಂದೆಡೆ ಹಗೆಯ ವಿವೇಕ. ಇವೆರಡೂ ಬರುವವೆಂದು ತಿಳಿದವನೂ, ಬರುವವರೆಗೆ ನಿಶ್ಚಿಂತನಾಗಿರಲಾರನು.