ಮರದ ಮೇಲೆ ಕರಿಯಪ್ಪ ಕಂಡದ್ದೇನು?

ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಹತ್ತಿರ ಕುವೇಶಿ ಎಂಬ ಊರಿದೆ. ಅಲ್ಲಿನ ಕಾಡಿನಲ್ಲಿ ಮರಗಳ ನಡುವೆ, ನೆಲದಿಂದ ಬಹಳ ಎತ್ತರದಲ್ಲಿ, ಸುಮಾರು 240 ಮೀಟರ್ ಉದ್ದದ ತೂಗುದಾರಿ ಕಟ್ಟಿದ್ದಾರೆ. ದರ್ಬೆಯಿಂದ ಹೊರಟಾಗ ನನ್ನ ಚೀಲದಲ್ಲಿದ್ದದ್ದು ತೇಜಸ್ವಿಯವರ ‘ಕರ್ವಾಲೊ’. ಆ ದಾರಿಯಲ್ಲಿ ನಿಂತು ಹಾರುವ ಓತಿಯನ್ನು ನೋಡಬೇಕೆಂಬ ಆಸೆ. ಓತಿ ಕಾಣಲಿಲ್ಲ. ಬದಲಿಗೆ ಕಾದಂಬರಿಯ ಬಗ್ಗೆಯೇ ಒಂದು ಪ್ರಶ್ನೆ ಎದ್ದಿತು: ಅದರಲ್ಲಿ ಈ ಎತ್ತರಕ್ಕೆ ಏರುವವರು ಯಾರು?

1980ರಲ್ಲಿ ಬಂದ ‘ಕರ್ವಾಲೊ’ವನ್ನು ನಾವು ಸಾಮಾನ್ಯವಾಗಿ ವಿಜ್ಞಾನಿ ಕರ್ವಾಲೊ ಮತ್ತು ಮಂದಣ್ಣನ ಕಥೆಯಾಗಿ ಓದುತ್ತೇವೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ಕರ್ವಾಲೊ ನಿಸರ್ಗತಜ್ಞನನ್ನು ಕಾಣುತ್ತಾರೆ. ಕಾದಂಬರಿಯ ದೊಡ್ಡ ನ್ಯಾಯ ಅದು. ಆದರೆ ಮರ ಹತ್ತುವುದರಲ್ಲಿ ನಿಸ್ಸೀಮನಾದ ಬಿರಿಯಾನಿ ಕರಿಯಪ್ಪನಿಗೆ ಆ ನ್ಯಾಯ ಪೂರ್ತಿ ದಕ್ಕಿಲ್ಲ. ಅವನು ಬಂದಾಗಲೆಲ್ಲ ನಾವು ನಗುತ್ತೇವೆ. ಅವನ ಕೈಕಾಲಿಗೆ ಗೊತ್ತಿರುವುದನ್ನು ನಾವು ಚಳಕ ಎನ್ನುತ್ತೇವೆಯೇ ಹೊರತು ತಿಳಿವಳಿಕೆ ಎನ್ನುವುದಿಲ್ಲ. ನಿರೂಪಕ ನೆಲದ ಮೇಲಿದ್ದುಕೊಂಡೇ ಕಥೆ ಹೇಳುವುದರಿಂದ, ಕರಿಯಪ್ಪ ಮೇಲೆ ಕಂಡದ್ದೇನೆಂದು ಓದುಗನಿಗೆ ತಿಳಿಯುವುದೇ ಇಲ್ಲ.

ಪುತ್ತೂರಿನವರಿಗೆ ಇದು ಬರೀ ಪುಸ್ತಕದ ಮಾತಲ್ಲ. ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲೇ ಇದೆ. ಚಾಚಿದ ಪಕ್ಕೆಲುಬುಗಳ ಮೇಲೆ ಚರ್ಮ ಬಿಗಿದುಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಹೆಚ್ಚಾಗಿ ಮೊಟ್ಟೆಯಿಡಲು. ಅದನ್ನು ಹತ್ತಿರದಿಂದ ಕಾಣುವವರು ಕೊನೆ ತೆಗೆಯುವವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರು. ಕಾಲಿಗೆ ತಳೆ ಹಾಕಿ ಹತ್ತಿ, ಮರವನ್ನು ತೂಗಿ ಬಾಗಿಸಿ, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುತ್ತಾರೆ. ತೂಗುದಾರಿಯ ಹಗ್ಗ ಹಿಡಿದು ನಾನು ನಡುಗುತ್ತ ಇಟ್ಟ ಹೆಜ್ಜೆ, ಅವರಿಗೆ ಬಲೆಯೂ ಬೇಲಿಯೂ ಇಲ್ಲದ ದಿನಗೂಲಿ. ಬಿದ್ದು ಸೊಂಟ ಮುರಿದವರ ಸುದ್ದಿ ನಮಗೆ ಹೊಸದೂ ಅಲ್ಲ.

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಕೊನೆ ತೆಗೆಯಬಹುದು, ಮದ್ದನ್ನೂ ಬಿಡಬಹುದು. ಜೀವ ಉಳಿಯುತ್ತದೆ, ಬರಲಿ. ಹಾಗಾದರೆ ಮೇಲಕ್ಕೆ ಹೋಗುವವರು ಇನ್ನು ಟಿಕೆಟು ಕೊಂಡ ನನ್ನಂಥವರು ಮಾತ್ರ. ನಮಗೆ ಅಲ್ಲಿ ಕಾಣುವುದು ಹಸಿರಿನ ಹರವು, ಫೋಟೊಗೆ ಒಪ್ಪುವ ಎಲೆಗಳು. ಯಾವ ಮರದಲ್ಲಿ ಚಗಳಿ ಗೂಡಿದೆ, ಯಾವುದು ಎಷ್ಟು ಬಾಗೀತು ಎಂದು ಬಲ್ಲವನಿಗೆ ಕಾಣುವುದೇ ಬೇರೆ. ಅವನ ಮಾತನ್ನು ಬರೆದಿಟ್ಟವರು ಕಡಿಮೆ.

ಇದು ತೇಜಸ್ವಿಯವರ ಮೇಲೆ ಹೊರಿಸುವ ತಪ್ಪಲ್ಲ. ಕರಿಯಪ್ಪನನ್ನು ಶೋಧದ ತಂಡದೊಳಗೆ ತಂದವರೇ ಅವರು. ಅವನನ್ನು ಬರೀ ನಗೆಗೆ ಬಿಟ್ಟುಬಿಟ್ಟವರು ನಾವು ಓದುಗರು, ವಿಮರ್ಶಕರು. ಕೊನೆಯಲ್ಲಿ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಆ ಪುಟಗಳನ್ನು ನಾವು ವಿಸ್ಮಯದ ಪುಟಗಳೆಂದು ಮತ್ತೆಮತ್ತೆ ಕೊಂಡಾಡಿದ್ದೇವೆ. ಮುಂದಿನ ಸಲ ಓದುವಾಗ ಓತಿಯ ಹಿಂದೆ ಹೋಗುವ ಕಣ್ಣನ್ನು ಒಂದಿಷ್ಟು ಹೊತ್ತು ಮರದ ಮೇಲಿರುವ ಕರಿಯಪ್ಪನ ಮೇಲೆ ನಿಲ್ಲಿಸಿ ನೋಡಿ. ಊರಿಗೆ ಮರಳಿದ ಮೇಲೆ ನಾನು ಮಾಡಿದ್ದು ಅದನ್ನೇ. ಆಮೇಲೆ ನಮ್ಮ ತೋಟಕ್ಕೆ ಮದ್ದು ಬಿಡಲು ಬರುತ್ತಿದ್ದ ಹಿರಿಯರನ್ನು ಹುಡುಕಿಕೊಂಡು ಹೋದೆ. “ಮೇಲೆ ಏನು ಕಾಣ್ತದೆ?” ಎಂದೆ. “ಇಷ್ಟು ವರ್ಷ ಕೆಳಗಿದ್ದು ಕೇಳ್ಲಿಲ್ಲ ಅಲ್ವಾ ನೀವು?” ಎಂದು ನಕ್ಕು, ಕೂರಲು ಜಗಲಿ ತೋರಿಸಿದರು.