ನಿಲ್ಲಬಲ್ಲ ಯೀಸ್ಟ್

ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಕೂಡ ಶಿಲೀಂಧ್ರವೇ. ಅದರ ಸಂಸಾರವೆಲ್ಲ ಮೈಮೇಲೆಯೇ ಕಾಣುತ್ತದೆ: ತಾಯಿಕೋಶದ ಅಂಚಿನಲ್ಲಿ ಮೊಗ್ಗು ಮೂಡಿ, ದಪ್ಪವಾಗಿ, ಬೇರ್ಪಡುತ್ತದೆ. ಮೊಗ್ಗಿನ ಗಾತ್ರ ನೋಡಿಯೇ ಕೋಶ ವಿಭಜನೆಯ ಯಾವ ಹಂತದಲ್ಲಿದೆ ಎಂದು ಅಂದಾಜು ಮಾಡಬಹುದು.

ಸಿಯಾಟಲ್‌ನ ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ 1988ರಲ್ಲಿ ಪ್ರಕಟಿಸಿದ ಪ್ರಯೋಗದ ಸೊಗಸೆಲ್ಲ ಈ ನೋಟದಲ್ಲಿದೆ. ಕ್ಷ-ಕಿರಣ ಹಾಯಿಸಿದ ಕೋಶಗಳನ್ನು ಅಗರ್ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೂ ಗಮನಿಸಿದರು. ಡಿಎನ್‌ಎ ಮುರಿದ ಸಾಮಾನ್ಯ ಯೀಸ್ಟ್ ದೊಡ್ಡ ಮೊಗ್ಗು ಹೊತ್ತು ನಿಂತುಬಿಡುತ್ತದೆ. ರಿಪೇರಿ ಮುಗಿದ ಮೇಲೆಯೇ ಮುಂದಿನ ಹೆಜ್ಜೆ. ರಾಡ್9 ಎಂಬ ಜೀನ್ ಕೆಟ್ಟ ರೂಪಾಂತರಿಗೆ ಆ ತಾಳ್ಮೆಯಿಲ್ಲ. ಮುರಿದ ವರ್ಣತಂತುಗಳನ್ನೇ ಹಂಚಿಕೊಂಡು, ಕೆಂಪು ದೀಪ ಕಾಣದ ಬಸ್ಸಿನ ಹಾಗೆ ನುಗ್ಗಿ, ಇನ್ನೂ ಕೆಲವು ಸಲ ವಿಭಜಿಸಿ, ಪುಟ್ಟ ಗುಂಪಾಗಿ ಸಾಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ, ರಿಪೇರಿಯ ಸಲಕರಣೆಯೇ ಕೆಟ್ಟಿದೆ ಎಂದು ಯಾರಾದರೂ ವಾದಿಸಬಹುದಿತ್ತು. ನನ್ನನ್ನು ಮರುಳು ಮಾಡಿದ್ದು ಮುಂದಿನ ಕೈಚಳಕ. ವರ್ಣತಂತುಗಳನ್ನು ಎಳೆಯುವ ಮೈಕ್ರೊಟ್ಯೂಬ್ಯೂಲ್ ಎಳೆಗಳನ್ನು ಕಟ್ಟಗೊಡದ ರಾಸಾಯನಿಕ ಹಾಕಿ, ರೂಪಾಂತರಿಯನ್ನು ಕೆಲವು ಗಂಟೆ ಬಲವಂತವಾಗಿ ತಡೆದರು. ಆಮೇಲೆ ತಡೆ ತೆಗೆದರೆ, ಎಷ್ಟೋ ಹೆಚ್ಚು ಕೋಶಗಳು ಬದುಕಿದವು! ರಿಪೇರಿ ಮಾಡುವ ಕಸುಬು ಅದಕ್ಕೆ ಗೊತ್ತಿತ್ತು. ಸಿಗದೆ ಹೋಗಿದ್ದು ಬಿಡುವು. ಎಷ್ಟು ಅಗ್ಗದ ಉಪಾಯ, ಎಂಥ ಖಚಿತ ಉತ್ತರ! ಹಾರ್ಟ್‌ವೆಲ್‌ಗೆ 2001ರಲ್ಲಿ ನೊಬೆಲ್ ಬಂದಾಗ, ವಿಭಜನೆಯನ್ನು ತಡೆದು ನಿಲ್ಲಿಸುವ, ಕೋಶದೊಳಗಿನ ಇಂಥ ‘ಚೆಕ್‌ಪಾಯಿಂಟ್’ಗಳ ಕಲ್ಪನೆಯನ್ನೂ ಪ್ರಶಸ್ತಿ ಸಮಿತಿ ನೆನೆದಿತ್ತು.