ದ್ರವಕ್ಕೂ ಪುಡಿಗೂ ಒಂದೇ ಕೈಪಂಪು ಸಾಕೇ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಲಿಂಬೆ, ದ್ರಾಕ್ಷಿ, ತೊಗರಿಗೆ ಔಷಧಿ ಹೊಡೆಯದ ವರ್ಷವಿಲ್ಲ. ಕೆಲವೇ ಗಿಡಗಳಿಗಾದರೆ, ಗಾಳಿಯನ್ನು ಅದುಮಿ ತುಂಬುವ ಕೈಪಂಪು ಅನುಕೂಲ. ಅದು ಹಗುರ, ಅಗ್ಗ, ವಿದ್ಯುತ್ ಬೇಡ. ಆದರೆ ದ್ರವ, ಪುಡಿ ಎರಡಕ್ಕೂ ಇದೊಂದೇ ಸಾಕು ಎಂಬ ಮಾತನ್ನು ಪರೀಕ್ಷಿಸಬೇಕು.

ಮೊದಲು ದ್ರವ. 2 ಲೀಟರ್ ಡಬ್ಬಿಯಲ್ಲಿ 1.5 ಲೀಟರ್ ದ್ರಾವಣ ತುಂಬಿ, ಉಳಿದ ಜಾಗದ ಗಾಳಿಯ ಒತ್ತಡವನ್ನು ವಾಯುಮಂಡಲದ ಒತ್ತಡದ 3 ಪಟ್ಟಿಗೆ ಏರಿಸಿದ್ದೇವೆ ಎನ್ನಿ. ದ್ರವವನ್ನು ಹೊರದೂಡುವುದು ಹೆಚ್ಚುವರಿ 2 ಪಟ್ಟು ಮಾತ್ರ. ಅರ್ಧ ಲೀಟರ್ ಹೊರಬಂದಾಗ ಗಾಳಿಯ ಗಾತ್ರ ಇಮ್ಮಡಿಯಾಗುತ್ತದೆ; ಬಾಯ್ಲ್ ನಿಯಮದಂತೆ ಒತ್ತಡ 1.5 ಪಟ್ಟಿಗೆ ಇಳಿಯುತ್ತದೆ. ಹೆಚ್ಚುವರಿ ಒತ್ತಡ ಈಗ 0.5, ಅಂದರೆ ಮೊದಲಿನ ಕಾಲು ಭಾಗ. ಹರಿವು ಇದರ ವರ್ಗಮೂಲವನ್ನು ಅನುಸರಿಸುವುದರಿಂದ ಸುಮಾರು ಅರ್ಧವಾಗುತ್ತದೆ. ಹನಿಗಳೂ ದಪ್ಪವಾಗಿ ಎಲೆಯಿಂದ ಜಾರುತ್ತವೆ. ಮೊದಲ ಗಿಡಕ್ಕೆ ಸಿಕ್ಕಷ್ಟು ಔಷಧಿ ಕೊನೆಯ ಗಿಡಕ್ಕೆ ಸಿಗದು. 1 ಲೀಟರ್ ಮಾತ್ರ ತುಂಬಿದ್ದರೆ ಹೆಚ್ಚುವರಿ ಒತ್ತಡ ಅರ್ಧದಷ್ಟಾದರೂ ಉಳಿಯುತ್ತಿತ್ತು.

ಪುಡಿಯ ಕಥೆಯೇ ಬೇರೆ. ಮೇಲಿನಿಂದ ಒತ್ತಿದರೆ ದ್ರವ ಹರಿಯುತ್ತದೆ, ಪುಡಿ ಗಟ್ಟಿಯಾಗುತ್ತದೆ. ಗಾಳಿ ಪುಡಿಯ ನಡುವೆ ನುಗ್ಗಿ ಕಣಗಳನ್ನು ಎತ್ತಿ ಒಯ್ಯಬೇಕು. ಇದಕ್ಕೆ ಬೇಕಾದದ್ದು ಹೆಚ್ಚು ಒತ್ತಡವಲ್ಲ, ಹೆಚ್ಚು ಗಾಳಿ; ಡಬ್ಬಿಯ ಗಾಳಿ ಬೇಗನೆ ಮುಗಿದುಹೋಗುತ್ತದೆ. ಹಿಂದಿನ ಸಿಂಪರಣೆಯ ತೇವ ಉಳಿದಿದ್ದರಂತೂ ಪುಡಿ ಮುದ್ದೆಯಾಗಿ ರಂಧ್ರ ಮುಚ್ಚುತ್ತದೆ. ಅದನ್ನು ಬಾಯಿಂದ ಊದಿ ತೆಗೆಯುವುದೆಂದರೆ ವಿಷವನ್ನು ಬಾಯಿಗೆ ತಂದುಕೊಂಡಂತೆ.

ಆದ್ದರಿಂದ ದ್ರಾಕ್ಷಿಯ ಬೂದಿರೋಗಕ್ಕೆ ಗಂಧಕದ ಪುಡಿ ಎರಚಲು ಪ್ರತ್ಯೇಕ ಧೂಳೀಕರಣ ಯಂತ್ರವೇ ಲೇಸು. ದ್ರವದ ಪಂಪಿಗೆ ಒತ್ತಡ ನಿಯಂತ್ರಿಸುವ ಕವಾಟ ಇರಬೇಕು. ಇಲ್ಲದಿದ್ದರೆ ಆಗಾಗ ಗಾಳಿ ತುಂಬುತ್ತಿರಬೇಕು. ಶಿಕ್ಷಕರು ಹೊಸ ಪಂಪಿಗೆ ಶುದ್ಧ ನೀರು ತುಂಬಿ, ಪ್ರತಿ ಅರ್ಧ ನಿಮಿಷಕ್ಕೆ ಹೊರಬಂದ ನೀರನ್ನು ಅಳತೆ ಜಾಡಿಯಲ್ಲಿ ಅಳೆಯಿಸಲಿ. ಪಂಪಿನ ಗುಣದೋಷ ವಿದ್ಯಾರ್ಥಿಗಳಿಗೇ ತಿಳಿಯುತ್ತದೆ.